ಕರಡಿಯ ಬೇಸಿಗೆ, ಮಕ್ಕಳ ರಜೆ

ಕಾಡಿನಲ್ಲಿ ಕರಡಿ ನೋಡಬೇಕೆಂಬ ಆಸೆಯುಳ್ಳವರಿಗೆ ಬೇಸಿಗೆ ಒಳ್ಳೆಯ ಕಾಲ. ಏಪ್ರಿಲ್–ಮೇ ತಿಂಗಳಲ್ಲಿ ಬಯಲುಸೀಮೆಯ ಕಾಡು ಎಲೆ ಉದುರಿಸಿ ನಿಂತಿರುತ್ತದೆ, ಹಾಗಾಗಿ ಪೊದೆಗಳ ನಡುವೆ ದೂರದವರೆಗೆ ಕಣ್ಣು ಹಾಯುತ್ತದೆ. ಹೊಂಡಗಳು ಬತ್ತಿ, ನೀರು ಉಳಿದಿರುವ ಕೆಲವೇ ಗುಂಡಿಗಳಿಗೆ ಪ್ರಾಣಿಗಳು ಬರುತ್ತವೆ. ಕಕ್ಕೆ, ಆಲ, ಅತ್ತಿ ಹಣ್ಣಾಗುತ್ತವೆ. ಚಳಿಗಾಲದಲ್ಲಿ ಹುಟ್ಟಿದ ಮರಿಗಳು ತಾಯಿಯ ಬೆನ್ನೇರಿ ಕಾಡು ಸುತ್ತುವುದೂ ಇದೇ ತಿಂಗಳುಗಳಲ್ಲಿ. ಶಾಲೆಗೆ ರಜೆ ಸಿಗುವ ಹೊತ್ತಿಗೆ ಸರಿಯಾಗಿ ಇವೆಲ್ಲ ಕೂಡಿಬರುತ್ತವೆ.

ತುಮಕೂರು, ಗುಬ್ಬಿ, ಕುಣಿಗಲ್‌ನ ಕುಟುಂಬಗಳು ಕಾಡುಪ್ರಾಣಿ ನೋಡಲೆಂದು ಬಂಡೀಪುರಕ್ಕೋ ನಾಗರಹೊಳೆಗೋ ಹೊರಡುವುದು ರೂಢಿ. ಕರಡಿಯ ಮಟ್ಟಿಗೆ ಈ ಊರುಗಳ ಸ್ಥಿತಿ ಬೇರೆ. ದೇವರಾಯನದುರ್ಗ, ಹುತ್ರಿದುರ್ಗ, ಹಾಗಲವಾಡಿಯ ಸುತ್ತಲ ಕಲ್ಲುಗುಡ್ಡಗಳು ಕರಡಿ ಬದುಕುವ ಸೀಮೆಯೇ. ಹಾಗಾಗಿ ಇಲ್ಲಿಯ ಪ್ರವಾಸಿಗರಿಗೆ ಎರಡು ತಿಳಿವಳಿಕೆ ಬೇಕು. ಕರಡಿಯನ್ನು ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ನೋಡಬೇಕು ಎಂಬುದು ಒಂದು. ಮನೆಯ ಹತ್ತಿರದ ಬೆಟ್ಟದಲ್ಲಿ ಅದನ್ನು ಹುಡುಕಿಕೊಂಡು ಏಕೆ ಹೋಗಬಾರದು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಇರುವುದು ಕರಡಿಯ ದಿನಚರಿಯಲ್ಲಿ.

ನಮ್ಮ ಕಾಡಿನ ಕರಡಿ

ಜಗತ್ತಿನಲ್ಲಿ ಎಂಟು ಜಾತಿಯ ಕರಡಿಗಳಿವೆ. ಅವುಗಳಲ್ಲಿ ನಾಲ್ಕು ಭಾರತದಲ್ಲಿವೆ. ಹಿಮಾಲಯದ ಕಪ್ಪು ಕರಡಿ, ಕಂದು ಕರಡಿ ಮತ್ತು ಈಶಾನ್ಯ ರಾಜ್ಯಗಳ ಸೂರ್ಯ ಕರಡಿಗಳು ದಕ್ಷಿಣದ ಕಾಡುಗಳಲ್ಲಿ ಇಲ್ಲ. ಕರ್ನಾಟಕದಲ್ಲಿರುವುದು ಒಂದೇ ಜಾತಿ. ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಎಂದು ಕರೆಯುವ ಇದರ ಶಾಸ್ತ್ರೀಯ ಹೆಸರು ಮೆಲುರ್ಸಸ್ ಉರ್ಸಿನಸ್. 1791ರಲ್ಲಿ ಇದನ್ನು ಮೊದಲು ವರ್ಣಿಸಿದ ಜಾರ್ಜ್ ಶಾ ಉದ್ದನೆಯ ಉಗುರುಗಳನ್ನು ಕಂಡು ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ ಸ್ಲಾತ್ ಪ್ರಾಣಿಯ ಗುಂಪಿಗೆ ಸೇರಿಸಿದ್ದರು. ಮುಂದೆ ಅದು ಕರಡಿಯೆಂದು ಖಚಿತವಾಯಿತು, ಹಳೆಯ ಹೆಸರು ಮಾತ್ರ ಉಳಿದುಕೊಂಡಿತು. ಭಾರತ, ನೇಪಾಳ, ಶ್ರೀಲಂಕಾಗಳೇ ಇದರ ಮುಖ್ಯ ನೆಲೆ. ಬಾಂಗ್ಲಾದೇಶದಲ್ಲಿ ಇದು ಅಳಿದುಹೋಗಿದೆ.

ಮೈತುಂಬ ಒರಟಾದ ಕಪ್ಪು ಕೂದಲು, ಎದೆಯ ಮೇಲೆ ಇಂಗ್ಲಿಷಿನ ವಿ ಅಕ್ಷರದಂತಹ ಮಾಸಲು ಬಿಳಿ ಪಟ್ಟೆ, ಬೂದು ಬಣ್ಣದ ಉದ್ದ ಮೂತಿ, ಹೆಗಲ ಮೇಲೆ ಜೂಲಿನಂತೆ ಇಳಿಬಿದ್ದ ಕೂದಲು — ಇವು ಗುರುತುಗಳು. ಗಂಡು ಸಾಮಾನ್ಯವಾಗಿ 80ರಿಂದ 145 ಕೆ.ಜಿ. ತೂಗುತ್ತದೆ, ಹೆಣ್ಣು 55ರಿಂದ 95 ಕೆ.ಜಿ. ಮುಂಗಾಲಿನ ಬಾಗಿದ ಉಗುರುಗಳು ಏಳೆಂಟು ಸೆಂ.ಮೀ. ಉದ್ದ ಬೆಳೆಯುತ್ತವೆ. ಅವು ಬೇಟೆಗೆಂದು ಬೆಳೆದವಲ್ಲ, ನೆಲ ಅಗೆಯುವ ಸಾಧನಗಳು. ಗಟ್ಟಿಯಾದ ಹುತ್ತವನ್ನು ಒಡೆದು ಗೆದ್ದಲನ್ನು ಹೊರತೆಗೆಯಲು ಈ ಕರಡಿಗೆ ಅವು ಬೇಕೇ ಬೇಕು.

ಗೆದ್ದಲು ತಿನ್ನುವುದಕ್ಕೆ ಕರಡಿಯ ಬಾಯಿಯೂ ಹೊಂದಿಕೊಂಡಿದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇದಕ್ಕಿಲ್ಲ. ಹುತ್ತ ಒಡೆದ ಮೇಲೆ ಕರಡಿ ಮೊದಲು ಜೋರಾಗಿ ಊದಿ ಮಣ್ಣು ಹಾರಿಸುತ್ತದೆ, ಆಮೇಲೆ ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ, ಹಲ್ಲಿಲ್ಲದ ಆ ಸಂದಿನ ಮೂಲಕ ಗೆದ್ದಲನ್ನು ಹೀರುತ್ತದೆ. ಧೂಳು ಒಳಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳುತ್ತದೆ. ಹೀರುವ ಸದ್ದು ನೂರು ಮೀಟರಿಗಿಂತ ದೂರದವರೆಗೂ ಕೇಳಿಸುತ್ತದೆ. ಕಾಡಂಚಿನವರು ಕರಡಿ ಇರುವುದನ್ನು ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಯಿಂದ ಅರಿಯುತ್ತಾರೆ. ಈ ಕರಡಿ ಹಸಿದು ಮನುಷ್ಯನನ್ನು ಬೇಟೆಯಾಡುವ ಪ್ರಾಣಿಯಲ್ಲ. ಅದರ ಊಟ ಗೆದ್ದಲು, ಇರುವೆ, ಜೇನು ಮತ್ತು ಹಣ್ಣು.

ಗುಹೆಯೊಳಗಿನ ಹಗಲು, ಹೊರಗಿನ ಇರುಳು

ಹಿಮ ಬೀಳುವ ದೇಶಗಳ ಕರಡಿಗಳು ಚಳಿಗಾಲವಿಡೀ ಗುಹೆಯಲ್ಲಿ ನಿದ್ದೆ ಮಾಡುತ್ತವೆ. ನಮ್ಮ ಕರಡಿ ವರ್ಷವಿಡೀ ಎಚ್ಚರವಾಗಿರುತ್ತದೆ. ಇದರ ದಿನವನ್ನು ಬಿಸಿಲು ನಿರ್ಧರಿಸುತ್ತದೆ. ಬೇಸಿಗೆಯಲ್ಲಿ ಬೆಳಗಿನ ಬಿಸಿಲೇರುವ ಮೊದಲೇ ಬಂಡೆಗಳ ಸಂದಿಗೋ ಗವಿಗೋ ದಟ್ಟ ಪೊದೆಗೋ ಸೇರಿಕೊಂಡು, ಸಂಜೆ ನೆಲ ತಣಿಯುವವರೆಗೂ ಅಲ್ಲೇ ಇರುತ್ತದೆ. ಹೊತ್ತು ಮುಳುಗುವ ಸುಮಾರಿಗೆ ಹೊರಬಂದು ನೀರು ಹುಡುಕುತ್ತದೆ, ರಾತ್ರಿಯೆಲ್ಲ ಮೇಯುತ್ತದೆ. ಹಗಲು ಹನ್ನೆರಡಕ್ಕೆ ಕಾಡಿನಲ್ಲಿ ಎಷ್ಟು ಸುತ್ತಿದರೂ ಕರಡಿ ಕಾಣದಿರುವುದಕ್ಕೆ ಕಾರಣ ಇದು.

ಆಹಾರವೂ ಋತುವಿನೊಂದಿಗೆ ಬದಲಾಗುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಹುತ್ತ ಅಗೆಯುವುದು ಸುಲಭ, ಆಗ ಗೆದ್ದಲೇ ಮುಖ್ಯ ಊಟ. ಬೇಸಿಗೆಯಲ್ಲಿ ನೆಲ ಕಲ್ಲಿನಂತಾಗುತ್ತದೆ, ಗೆದ್ದಲು ಆಳಕ್ಕಿಳಿಯುತ್ತದೆ. ಆಗ ಕರಡಿ ಹಣ್ಣುಗಳನ್ನು ಹೆಚ್ಚು ನಂಬುತ್ತದೆ. ಕಕ್ಕೆಕಾಯಿಯ ಒಳಗಿನ ಸಿಹಿ ತಿರುಳು, ಉದುರಿದ ಇಪ್ಪೆ ಹೂವು, ಆಲ ಮತ್ತು ಅತ್ತಿಯ ಹಣ್ಣು, ಮುಂಗಾರಿನ ಹೊಸ್ತಿಲಲ್ಲಿ ಈಚಲು ಮತ್ತು ನೇರಳೆ — ಹೀಗೆ ಒಂದರ ಹಿಂದೆ ಒಂದು ಸಿಗುತ್ತಾ ಹೋಗುತ್ತವೆ. ಜೇನಿಗಾಗಿ ಮರ ಹತ್ತುವುದರಲ್ಲೂ ಅದು ಚತುರ. ತಿಂದ ಹಣ್ಣಿನ ಬೀಜಗಳು ಹಿಕ್ಕೆಯೊಂದಿಗೆ ದೂರದೂರಕ್ಕೆ ಬಿದ್ದು ಮೊಳೆಯುತ್ತವೆ. ಬರಡು ಗುಡ್ಡಗಳಲ್ಲಿ ಮರ ಬೆಳೆಸುವ ಕೆಲಸದಲ್ಲಿ ಕರಡಿಗೂ ಪಾಲಿದೆ. ಮನುಷ್ಯರು ನೆಡಲಾಗದ ಬಂಡೆಗಳ ನಡುವೆ ಅದು ಬೀಜ ಬಿತ್ತಿಬರುತ್ತದೆ.

ಗಂಡು ಹೆಣ್ಣು ಕೂಡುವುದು ಹೆಚ್ಚಾಗಿ ಮೇಯಿಂದ ಜುಲೈವರೆಗೆ. ಮರಿಗಳು ಹುಟ್ಟುವುದು ನವೆಂಬರಿನಿಂದ ಜನವರಿಯ ನಡುವೆ, ಗವಿಯೊಳಗೆ. ಒಂದು ಅಥವಾ ಎರಡು ಮರಿ ಸಾಮಾನ್ಯ, ಮೂರು ಅಪರೂಪ. ಸುಮಾರು ಮೂರು ವಾರಕ್ಕೆ ಕಣ್ಣು ತೆರೆಯುವ ಮರಿಗಳು ಎರಡು ಮೂರು ತಿಂಗಳಿಗೆ ತಾಯಿಯೊಂದಿಗೆ ಹೊರಬರುತ್ತವೆ. ಆಮೇಲೆ ಆರೇಳು ತಿಂಗಳು ಅವುಗಳ ಸವಾರಿ ತಾಯಿಯ ಬೆನ್ನ ಮೇಲೆ. ಹೆಗಲ ಮೇಲಿನ ಉದ್ದ ಕೂದಲನ್ನು ಹಿಡಿದು ಮರಿಗಳು ಅಂಟಿಕೊಂಡಿರುತ್ತವೆ, ಅಪಾಯದ ಸುಳಿವು ಸಿಕ್ಕರೆ ಓಡಿಬಂದು ಬೆನ್ನೇರುತ್ತವೆ. ಮರಿಗಳನ್ನು ಹೀಗೆ ನಿತ್ಯವೂ ಬೆನ್ನ ಮೇಲೆ ಹೊತ್ತು ತಿರುಗುವ ಕರಡಿ ಜಗತ್ತಿನಲ್ಲಿ ಇದೊಂದೇ. ಬೇಸಿಗೆ ರಜೆಯ ಹೊತ್ತಿಗೆ ಮರಿಗಳಿಗೆ ನಾಲ್ಕರಿಂದ ಆರು ತಿಂಗಳು. ಆ ನೋಟ ಸಿಗುವ ಸಾಧ್ಯತೆ ಇರುವುದೂ, ತಾಯಿಕರಡಿ ಅತಿ ಎಚ್ಚರದಲ್ಲಿರುವುದೂ ಆಗಲೇ. ಮರಿಗಳು ಒಂದೂವರೆ ಎರಡು ವರ್ಷವಾದರೂ ತಾಯಿಯ ಜೊತೆ ಇರುತ್ತವೆ.

ಕಲ್ಲುಗುಡ್ಡಗಳ ಸಾಲು

ಕರ್ನಾಟಕದ ನಕಾಶೆಯಲ್ಲಿ ರಾಮನಗರದ ಕಡೆಯಿಂದ ಉತ್ತರಕ್ಕೆ ಒಂದು ಗೆರೆ ಎಳೆದರೆ ಅದು ತುಮಕೂರು ಜಿಲ್ಲೆಯ ಕುಣಿಗಲ್, ಕೊರಟಗೆರೆ, ಮಧುಗಿರಿ, ಪಾವಗಡದ ದಿಕ್ಕಿನಲ್ಲಿ ಸಾಗಿ ಬಳ್ಳಾರಿಯತ್ತ ಹೋಗುತ್ತದೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿಯ ದಾರಿ ಇದು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಅದಕ್ಕೆ ಆ ಹೆಸರು ಬಂತು. ಸುಮಾರು 400 ಕಿ.ಮೀ. ಉದ್ದಕ್ಕೆ ಹಬ್ಬಿರುವ ಈ ಪಟ್ಟಿಯಲ್ಲಿ ಮಳೆಗಾಳಿಗೆ ಸವೆದ ಬಂಡೆಗಳು ಒಂದರ ಮೇಲೊಂದು ಕೂತು ನೂರಾರು ಗವಿಗಳಾಗಿವೆ. ಹಗಲಿಡೀ ತಂಪಾಗಿರುವ ಗವಿ, ಹತ್ತಿರದಲ್ಲೇ ಕುರುಚಲು ಕಾಡಿನ ಹಣ್ಣು, ಕೆಂಪು ಮಣ್ಣಿನ ಹುತ್ತ, ಬಂಡೆಯ ಮೇಲೆ ನಿಂತ ಮಳೆನೀರಿನ ದೊಣೆ. ಕರಡಿಗೆ ಬೇಕಾದುದೆಲ್ಲ ಒಂದೇ ಗುಡ್ಡದಲ್ಲಿ ಸಿಗುತ್ತದೆ. ದಟ್ಟವಾದ ಮಲೆನಾಡಿಗಿಂತ ಈ ಒಣ ಸೀಮೆಯ ಗುಡ್ಡಗಳಲ್ಲಿ ಕರಡಿ ಚೆನ್ನಾಗಿ ನೆಲೆಸಿರುವುದು ಇದರಿಂದಲೇ.

ಇದೇ ಬಂಡೆಗಳು ಹಿಂದಿನ ಪಾಳೆಯಗಾರರಿಗೂ ಆಸರೆಯಾದವು. ಬೆಂಗಳೂರಿನ ಸುತ್ತಲ ನವದುರ್ಗಗಳೆಂದು ಹೆಸರಾದ ಕೋಟೆಬೆಟ್ಟಗಳಲ್ಲಿ ದೇವರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಚನ್ನರಾಯನದುರ್ಗ ತುಮಕೂರು ಜಿಲ್ಲೆಯವು. ಇವುಗಳಲ್ಲಿ ಹುತ್ರಿದುರ್ಗ ಮತ್ತು ಹುಲಿಯೂರುದುರ್ಗ ಕುಣಿಗಲ್ ತಾಲ್ಲೂಕಿನಲ್ಲಿವೆ. ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗ ತುಮಕೂರು ನಗರದವರ ವಾರಾಂತ್ಯದ ತಾಣ. ಯೋಗಾನರಸಿಂಹ, ಭೋಗಾನರಸಿಂಹ ಸ್ವಾಮಿಯ ದರ್ಶನಕ್ಕೆ ಬರುವವರು, ನಾಮದ ಚಿಲುಮೆ ನೋಡುವವರು, ಜಯಮಂಗಲಿಯ ಉಗಮ ಹುಡುಕುವವರು ಎಲ್ಲರೂ ಕರಡಿಯ ಸೀಮೆಯಲ್ಲೇ ನಡೆದಾಡುತ್ತಾರೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ಕಡೆ ಗುಡ್ಡಗಳು ಚಿಕ್ಕನಾಯಕನಹಳ್ಳಿ, ಬುಕ್ಕಾಪಟ್ಟಣದ ಕಾಡುಗಳತ್ತ ಸಾಗುತ್ತವೆ.

ವನ್ಯಜೀವಿಗಳಿಗಾಗಿ ಕಾಯ್ದಿಟ್ಟ ನೆಲ ಜಿಲ್ಲೆಯಲ್ಲಿ ಇಲ್ಲದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, 2019ರಲ್ಲಿ ಘೋಷಣೆಯಾದ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮ ಅದಕ್ಕೆ ಉದಾಹರಣೆ. ಕರಡಿ, ಚಿರತೆಗಳಿರುವ ತಿಮ್ಮಲಾಪುರದ ಕಾಡಿಗೂ ಸಂರಕ್ಷಿತ ಪ್ರದೇಶದ ಮಾನ್ಯತೆ ದೊರೆತಿದೆ. ಆದರೂ ಜಿಲ್ಲೆಯ ಕರಡಿಗಳಲ್ಲಿ ಬಹುಪಾಲು ಬದುಕುತ್ತಿರುವುದು ಸಣ್ಣ ಸಣ್ಣ ರಾಜ್ಯ ಅರಣ್ಯಗಳಲ್ಲಿ, ಊರಿನ ಗುಡ್ಡಗಳಲ್ಲಿ. ಅವುಗಳ ನಡುವೆ ತೆಂಗು ಅಡಿಕೆಯ ತೋಟ, ರಾಗಿ ಹೊಲ, ರಸ್ತೆ, ಕಲ್ಲು ಕ್ವಾರಿ ಹಬ್ಬಿವೆ. ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗಬೇಕಾದ ಕರಡಿ ಅನಿವಾರ್ಯವಾಗಿ ಮನುಷ್ಯರ ನೆಲವನ್ನು ತುಳಿಯುತ್ತದೆ.

ಕರಡಿ ನೋಡಲು ಹೋಗುವ ಜಾಗಗಳು

ಕಾಡುಕರಡಿಯನ್ನು ಸುರಕ್ಷಿತವಾಗಿ ನೋಡಲು ಕರ್ನಾಟಕದಲ್ಲಿ ಮೊದಲು ನೆನಪಾಗುವ ಹೆಸರು ದರೋಜಿ. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಗಡಿಯಲ್ಲಿ, ಹಂಪಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿ ಈ ಕರಡಿಧಾಮವಿದೆ. 1994ರಲ್ಲಿ ಬಿಳಿಕಲ್ಲು ಮೀಸಲು ಅರಣ್ಯವನ್ನು ಕರಡಿಗಾಗಿಯೇ ಕಾಯ್ದಿರಿಸಲಾಯಿತು. 2009ರಲ್ಲಿ ಬುಕ್ಕಸಾಗರದ ಅರಣ್ಯ ಸೇರಿ ಧಾಮದ ವಿಸ್ತೀರ್ಣ 82.72 ಚದರ ಕಿ.ಮೀ. ಆಯಿತು. ಇಲ್ಲಿ ಜೀಪಿನಲ್ಲಿ ಕಾಡು ಸುತ್ತಬೇಕಾಗಿಲ್ಲ. ಕರಡಿಕಲ್ಲು ಗುಡ್ಡಕ್ಕೆ ಎದುರಾಗಿ ವೀಕ್ಷಣಾ ಗೋಪುರವಿದೆ. ಅಲ್ಲಿ ಕೂತು ಕಾಯುವುದೇ ಕೆಲಸ. ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕದಂತಹ ಸಿಹಿ ಮೇವನ್ನು ಹಚ್ಚಿಡುತ್ತಾರೆ. ಬಿಸಿಲು ಇಳಿದಂತೆ ಕರಡಿಗಳು ಗವಿಗಳಿಂದ ಹೊರಬಂದು ಬಂಡೆ ನೆಕ್ಕುತ್ತವೆ. ಕಾಡುಹಂದಿ, ನವಿಲು, ಮುಂಗುಸಿಗಳೂ ಅದೇ ಮೇವಿಗೆ ಬರುತ್ತವೆ. ದುರ್ಬೀನು ಇದ್ದರೆ ತಾಯಿಯ ಬೆನ್ನ ಮೇಲಿನ ಮರಿಗಳ ಮುಖವೂ ಕಾಣುತ್ತದೆ.

ತುಮಕೂರಿನಿಂದ ದರೋಜಿಗೆ ಹೋಗುವವರು ಶಿರಾ, ಹಿರಿಯೂರು, ಚಿತ್ರದುರ್ಗದ ಹೆದ್ದಾರಿ ಹಿಡಿದು ಹೊಸಪೇಟೆ ತಲುಪಬೇಕು. ದಾರಿ ಉದ್ದದ್ದು, ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಧಾಮ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನದ ಮೇಲೆ, ಮುಚ್ಚುವುದು ಸಂಜೆಗೆ. ಹೀಗಾಗಿ ಬೆಳಗ್ಗೆ ತಂಪಿನಲ್ಲಿ ಹಂಪಿ ನೋಡಿ, ಊಟದ ನಂತರ ದರೋಜಿಗೆ ಹೋಗುವುದು ಅನುಕೂಲ. ಕಮಲಾಪುರದ ಬಳಿ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಯೂ ಇದೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಚಿಕ್ಕ ಮಕ್ಕಳಿಗೆ ಟೋಪಿ, ಸಾಕಷ್ಟು ನೀರು, ಗೋಪುರದಲ್ಲಿ ಸದ್ದಿಲ್ಲದೆ ಕೂರುವ ತಾಳ್ಮೆ ಬೇಕು. ದರೋಜಿಗೆ ದಕ್ಷಿಣದಲ್ಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಲ್ಲುಗುಡ್ಡಗಳೂ 2013ರಲ್ಲಿ ಕರಡಿಧಾಮವಾದವು. ಕರಡಿಗೆಂದೇ ಮೀಸಲಾದ ನೆಲ ನಮ್ಮ ರಾಜ್ಯದಲ್ಲಿರುವುದು ಹೆಮ್ಮೆಪಡಬೇಕಾದ ಸಂಗತಿ.

ಬಂಡೀಪುರ, ನಾಗರಹೊಳೆ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲಿನಲ್ಲಿಯೂ ಕರಡಿಗಳಿವೆ. ಕುಣಿಗಲ್ ಕಡೆಯವರು ಮೈಸೂರಿನ ಮೇಲೆ ಹಾಯ್ದು ಹೋದರೆ, ಮೈಸೂರಿನಿಂದ ಬಂಡೀಪುರ ಸುಮಾರು 80 ಕಿ.ಮೀ. ಇಲ್ಲಿ ಇಲಾಖೆಯ ವಾಹನದಲ್ಲಿ ಬೆಳಗ್ಗೆ ಮತ್ತು ಸಂಜೆ ಸಫಾರಿ ನಡೆಯುವುದು ಪದ್ಧತಿ. ಆನೆ, ಜಿಂಕೆ, ಕಾಟಿ ಸುಲಭವಾಗಿ ಕಾಣುತ್ತವೆ. ಕರಡಿ ಕಂಡರೆ ಅದೃಷ್ಟ. ಅದು ಒಂಟಿಯಾಗಿ ತಿರುಗುವ, ಇರುಳನ್ನು ನೆಚ್ಚಿದ ಪ್ರಾಣಿ. ಲಂಟಾನದ ಪೊದೆಯೊಳಗೆ ಹತ್ತು ಮಾರು ದೂರದಲ್ಲಿದ್ದರೂ ಕಾಣದು. ಬೆಳಗಿನ ಮೊದಲ ಸಫಾರಿ ಅಥವಾ ಸಂಜೆಯ ಕೊನೆಯ ಅರ್ಧ ಗಂಟೆ, ಬೇಸಿಗೆ ಮಳೆ ಬಿದ್ದ ಮರುದಿನ, ಹುತ್ತಗಳಿರುವ ಬಯಲು, ಹಣ್ಣು ಉದುರಿದ ಆಲದ ಬುಡ — ಇವು ಅವಕಾಶವನ್ನು ಹೆಚ್ಚಿಸುತ್ತವೆ. ಹಿಂದಿನ ದಿನ ಕರಡಿ ಎಲ್ಲಿ ಕಂಡಿತ್ತು ಎಂದು ಚಾಲಕರನ್ನೂ ಮಾರ್ಗದರ್ಶಕರನ್ನೂ ಕೇಳುವುದರಿಂದ ಲಾಭವಿದೆ. ಕಾಡಿನ ಬೆಂಕಿ, ವನ್ಯಪ್ರಾಣಿ ಸಂಘರ್ಷದಂತಹ ಕಾರಣಗಳಿಂದ ಇಲಾಖೆ ಸಫಾರಿಯನ್ನು ನಿಲ್ಲಿಸುವುದೂ ಕಡಿತಗೊಳಿಸುವುದೂ ಉಂಟು. ಹೊರಡುವ ಮುನ್ನ ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

ಬನ್ನೇರುಘಟ್ಟ ಇನ್ನೊಂದು ಬಗೆಯ ಜಾಗ. ಅಲ್ಲಿಯ ಜೈವಿಕ ಉದ್ಯಾನದ ಸಫಾರಿಯಲ್ಲಿ ಕರಡಿ ಕಾಣುವುದು ಬಹುಮಟ್ಟಿಗೆ ಖಚಿತ, ಆದರೆ ಅವು ಬೇಲಿಯೊಳಗಿನವು. ಪಕ್ಕದಲ್ಲೇ ಅರಣ್ಯ ಇಲಾಖೆಯೊಂದಿಗೆ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ 2005ರಿಂದ ನಡೆಸುತ್ತಿರುವ ಕರಡಿ ರಕ್ಷಣಾ ಕೇಂದ್ರವಿದೆ. ಮೂಗು ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಕಿತ್ತು, ಸಂತೆ ಜಾತ್ರೆಗಳಲ್ಲಿ ಕರಡಿ ಕುಣಿಸುವುದನ್ನು ಹಿರಿಯ ತಲೆಮಾರಿನವರು ಕಂಡವರೇ. ಮಕ್ಕಳ ಭಯ ಬಿಡಿಸಲೆಂದು ಕರಡಿಯ ಮೇಲೆ ಕೂರಿಸುವುದು, ಅದರ ಕೂದಲನ್ನು ತಾಯಿತಕ್ಕೆ ತುಂಬಿಸುವುದು ಊರೂರಿನಲ್ಲಿ ನಡೆಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರವೂ ಇದು ದಶಕಗಳ ಕಾಲ ಮುಂದುವರಿಯಿತು. ಕರಡಿ ಆಡಿಸುತ್ತಿದ್ದ ಖಲಂದರ್ ಸಮುದಾಯದವರಿಗೆ ಬೇರೆ ಜೀವನೋಪಾಯ ಕಲ್ಪಿಸಿ ಕರಡಿಗಳನ್ನು ಬಿಡಿಸಿಕೊಳ್ಳುವ ಕೆಲಸ ನಡೆದು, 2009ರಲ್ಲಿ ಕೊನೆಯ ಕುಣಿಯುವ ಕರಡಿಯನ್ನು ಬನ್ನೇರುಘಟ್ಟಕ್ಕೆ ತರಲಾಯಿತು. ಬಂಧನದಲ್ಲಿ ನೋವುಂಡ ಈ ಕರಡಿಗಳು ಮತ್ತೆ ಕಾಡಿನಲ್ಲಿ ಬದುಕಲಾರವು. ಕಾಡಿನ ಕರಡಿ ಕಾಡಿನಲ್ಲೇ ಇರಬೇಕೆಂಬುದನ್ನು ಮಕ್ಕಳಿಗೆ ತಿಳಿಸಿಹೇಳಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಊರ ಬೆಟ್ಟದಲ್ಲಿ ಕರಡಿ ಹುಡುಕಬಾರದೇಕೆ

ದರೋಜಿಯ ಗೋಪುರದಲ್ಲಿ ಕರಡಿಗೂ ನೋಡುಗನಿಗೂ ನಡುವೆ ಸಾಕಷ್ಟು ಅಂತರವಿದೆ. ಸಫಾರಿಯಲ್ಲಿ ವಾಹನದ ರಕ್ಷಣೆ ಇದೆ. ಹುತ್ರಿದುರ್ಗದ ಮೆಟ್ಟಿಲಲ್ಲಿ, ದೇವರಾಯನದುರ್ಗದ ಕಾಲುದಾರಿಯಲ್ಲಿ ಇವೆರಡೂ ಇಲ್ಲ. ಕರಡಿಯ ಕಣ್ಣು ಮಂದ, ಕಿವಿಯೂ ಅಷ್ಟೇನೂ ಚುರುಕಲ್ಲ. ಮೂಗು ಬಲು ತೀಕ್ಷ್ಣ. ಗಾಳಿ ಎದುರಿನಿಂದ ಬೀಸುತ್ತಿದ್ದು, ಅದು ತಲೆ ತಗ್ಗಿಸಿ ಹುತ್ತ ಅಗೆಯುತ್ತಿದ್ದರೆ ಮನುಷ್ಯ ತೀರ ಹತ್ತಿರ ಬರುವವರೆಗೂ ಅದಕ್ಕೆ ತಿಳಿಯುವುದಿಲ್ಲ. ತಿಳಿದ ಕ್ಷಣ ಬೆಚ್ಚಿ ಮೇಲೆರಗುತ್ತದೆ. ಹುಲಿ, ಚಿರತೆಗಳಿರುವ ಕಾಡಿನಲ್ಲಿ ಬೆಳೆದುಬಂದ ಪ್ರಾಣಿ ಇದು. ಮರಿಗಳನ್ನು ಬೆನ್ನ ಮೇಲಿಟ್ಟುಕೊಂಡು ಓಡಿ ಪಾರಾಗುವುದು ಕಷ್ಟ, ಎದುರಿಸಿ ನಿಲ್ಲುವುದೇ ಇದು ಕಲಿತ ಆತ್ಮರಕ್ಷಣೆ. ದಾಳಿಯಲ್ಲಿ ತಲೆ, ಮುಖ, ಕೈಗಳಿಗೆ ಆಗುವ ಗಾಯಗಳು ಭೀಕರವಾಗಿರುತ್ತವೆ, ಬದುಕುಳಿದವರು ಜೀವನಪೂರ್ತಿ ಅದರ ಗುರುತು ಹೊರಬೇಕಾಗುತ್ತದೆ.

ತಿಪಟೂರಿನ ಆಚೆಗಿರುವ ಅರಸೀಕೆರೆಯ ಬೆಟ್ಟಗಳಲ್ಲಿ ಮನುಷ್ಯರ ಮೇಲೆರಗುತ್ತಿದ್ದ ಕರಡಿಯೊಂದರ ಕಥೆಯನ್ನು ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅವರ ಪ್ರಕಾರ ಅದು ಕನಿಷ್ಠ 12 ಜನರನ್ನು ಕೊಂದಿತ್ತು. ಆಂಡರ್ಸನ್ನರ ಬೇಟೆಯ ಅನುಭವಗಳು ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತ. ಆ ಕರಡಿಯ ಪ್ರಸಂಗ ತೀರ ಅಪರೂಪದ್ದು. ಸಾಮಾನ್ಯವಾಗಿ ನಡೆಯುವ ದಾಳಿಗಳು ಆಕಸ್ಮಿಕ ಭೇಟಿಯಿಂದ ಆಗುವಂಥವು. ಕತ್ತಲಿನಲ್ಲಿ ತೋಟಕ್ಕೆ ನೀರು ಹಾಯಿಸಲು ಹೋದ ರೈತ, ಬೆಳಕು ಹರಿಯುವ ಮೊದಲು ಬಯಲಿಗೆ ಹೋದವರು, ಸೌದೆಗೆ ಗುಡ್ಡ ಹತ್ತಿದವರು, ಕುರಿ ಮೇಯಿಸುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಪಂಪ್‌ಸೆಟ್ಟಿಗೆ ರಾತ್ರಿಯಲ್ಲಿ ವಿದ್ಯುತ್ ಕೊಡುವ ಪದ್ಧತಿ ಇರುವ ಕಡೆ ಈ ಅಪಾಯ ಇನ್ನೂ ಹೆಚ್ಚು. ಹಗಲಿನಲ್ಲೇ ತ್ರೀಫೇಸ್ ವಿದ್ಯುತ್ ಬೇಕೆಂಬ ರೈತರ ಬೇಡಿಕೆಯಲ್ಲಿ ಜೀವರಕ್ಷಣೆಯ ಪ್ರಶ್ನೆಯೂ ಅಡಗಿದೆ.

ಬೇಸಿಗೆಯ ಹಲಸು ಈ ಸೀಮೆಯಲ್ಲಿ ಕರಡಿಯನ್ನು ತೋಟಕ್ಕೆ ಕರೆತರುವ ಮುಖ್ಯ ಆಕರ್ಷಣೆಗಳಲ್ಲೊಂದು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಮಾರುಕಟ್ಟೆಗೆ ಹೆಸರುವಾಸಿ. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಈ ಭಾಗದ್ದೇ, ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಅದನ್ನು ಪ್ರಚಾರಕ್ಕೆ ತಂದಿತು. ಮೇ ತಿಂಗಳಿನಿಂದ ಹಲಸು ಹಣ್ಣಾಗುವಾಗ ಅದರ ಪರಿಮಳ ದೂರದ ಗುಡ್ಡದವರೆಗೂ ಹೋಗುತ್ತದೆ. ಚುರುಕು ಮೂಗಿನ ಕರಡಿಗೆ ಅದು ಆಹ್ವಾನ. ಗುಡ್ಡದ ಅಂಚಿನ ತೋಟಗಳವರು ಬಲಿತ ಕಾಯನ್ನು ಮರದಲ್ಲೇ ಹಣ್ಣಾಗಲು ಬಿಡದೆ ಇಳಿಸುವುದು, ಬಿದ್ದ ಹಣ್ಣನ್ನು ಸಂಜೆಯೊಳಗೆ ತೆಗೆಯುವುದು ಒಳ್ಳೆಯದು. ದೇವಸ್ಥಾನಗಳ ದೀಪದ ಎಣ್ಣೆ, ತೆಂಗಿನಕಾಯಿ, ಪ್ರಸಾದದ ವಾಸನೆಗೂ ಕರಡಿ ಬರುವುದನ್ನು ಬಯಲುಸೀಮೆಯ ಜನ ಬಲ್ಲರು. ಗುಡಿಯ ಸುತ್ತ ತಿನಿಸು ಉಳಿಯದಂತೆ ನೋಡಿಕೊಳ್ಳಬೇಕು.

ಪ್ರವಾಸಿಗರು ಎಸೆದು ಹೋಗುವ ಚಿಪ್ಸು, ಹಣ್ಣಿನ ಸಿಪ್ಪೆ, ಉಳಿದ ಅನ್ನದ ಪೊಟ್ಟಣಗಳೂ ಇದೇ ಕೆಡುಕು ಮಾಡುತ್ತವೆ. 1872ರಲ್ಲಿ ಸ್ಥಾಪನೆಯಾದ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕಾಲಕ್ಕೆ ಹೋಟೆಲಿನ ತ್ಯಾಜ್ಯ ಸುರಿದು, ಅದನ್ನು ತಿನ್ನಲು ಬರುವ ಕರಡಿಗಳನ್ನು ಸಾಲು ಬೆಂಚುಗಳಲ್ಲಿ ಕೂತು ನೋಡುವ ಏರ್ಪಾಟಿತ್ತು. ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿಗಳು ಜನರನ್ನು ಗಾಯಗೊಳಿಸಿದವು, ಅನೇಕ ಕರಡಿಗಳನ್ನು ಕೊಲ್ಲಬೇಕಾಯಿತು. 1970ರ ಹೊತ್ತಿಗೆ ಅಲ್ಲಿಯ ತ್ಯಾಜ್ಯ ಗುಂಡಿಗಳನ್ನು ಮುಚ್ಚಲಾಯಿತು. ಈಗ ಅಲ್ಲಿ ಕರಡಿಯಿಂದ 100 ಗಜ ದೂರ ಇರಬೇಕೆಂಬುದು ಕಡ್ಡಾಯ. ದೇವರಾಯನದುರ್ಗಕ್ಕೆ ಊಟದ ಬುತ್ತಿ ಕಟ್ಟಿಕೊಂಡು ಹೋಗುವವರು ಈ ಪಾಠವನ್ನು ಮರೆಯಬಾರದು. ತಂದ ಪೊಟ್ಟಣವನ್ನು ಮನೆಗೇ ವಾಪಸು ಒಯ್ಯುವುದು ಕರಡಿಗೆ ಮಾಡಬಹುದಾದ ನೇರ ಉಪಕಾರ.

ಬೆಟ್ಟ ಹತ್ತುವವರಿಗೆ ತಿಳಿದಿರಬೇಕಾದ್ದು

ಸೂರ್ಯೋದಯ ನೋಡಲೆಂದು ಕತ್ತಲಲ್ಲೇ ಬೆಟ್ಟ ಹತ್ತುವ ಹವ್ಯಾಸ ಇತ್ತೀಚೆಗೆ ಹೆಚ್ಚಾಗಿದೆ. ಕರಡಿ ಮೇವು ಮುಗಿಸಿ ಗವಿಗೆ ಮರಳುವ ಹೊತ್ತೂ ಅದೇ. ಬೆಳಕು ಪೂರ್ತಿ ಹರಿದ ಮೇಲೆ ಹೊರಟು, ಹೊತ್ತು ಮುಳುಗುವ ಮೊದಲೇ ಕೆಳಗಿಳಿದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಅನುಮತಿ ಬೇಕಾದ ಕಡೆ ಇಲಾಖೆಯ ಅನುಮತಿ ಪಡೆದು, ನಾಲ್ಕೈದು ಜನ ಗುಂಪಾಗಿ, ಮಾತಾಡುತ್ತಾ ನಡೆಯಬೇಕು. ಕಾಡಿನಲ್ಲಿ ಮೌನ ಒಳ್ಳೆಯದೆಂಬ ನಿಯಮ ಗೋಪುರಕ್ಕೂ ಸಫಾರಿ ವಾಹನಕ್ಕೂ ಸರಿ. ಕಾಲ್ನಡಿಗೆಯಲ್ಲಿ ಮಾತಿನ ಸದ್ದೇ ರಕ್ಷಣೆ, ಕರಡಿಗೆ ಸರಿದುಹೋಗಲು ಅದು ಸಮಯ ಕೊಡುತ್ತದೆ. ಗವಿಯೊಳಗೆ ಇಣುಕುವುದು, ಪೊದೆಗೆ ಕಲ್ಲೆಸೆಯುವುದು, ಸೆಲ್ಫಿಗಾಗಿ ಬಂಡೆಯ ಸಂದಿಗೆ ಇಳಿಯುವುದು ಬೇಡವೇ ಬೇಡ. ನಾಯಿಯನ್ನು ಕರೆದೊಯ್ಯಬಾರದು. ಅದು ಬೊಗಳಿ ಕೆಣಕಿದ ಕರಡಿಯನ್ನು ತನ್ನೊಡೆಯನ ಬಳಿಗೇ ತರಬಹುದು.

ಕರಡಿ ದೂರದಲ್ಲಿ ಕಂಡರೆ ನಿಂತು, ಅದಕ್ಕೆ ದಾರಿ ಬಿಟ್ಟು, ಮುಖ ಅದರ ಕಡೆಗೇ ಇಟ್ಟುಕೊಂಡು ನಿಧಾನವಾಗಿ ಹಿಂದೆ ಸರಿಯಬೇಕು. ಓಡಬಾರದು, ಮನುಷ್ಯನಿಗಿಂತ ಅದರ ಓಟ ಜೋರು. ಮರ ಹತ್ತಿ ಪಾರಾಗುವ ಯೋಚನೆಯೂ ಸಲ್ಲದು. ತಾಯಿ ಮತ್ತು ಮರಿಯ ನಡುವೆ ಎಂದೂ ಸಿಲುಕಬಾರದು. ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ನೆಲಕ್ಕೆ ಮಲಗಿ, ಎರಡೂ ಕೈಗಳ ಬೆರಳು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡು, ಮುಖ ಮತ್ತು ಹೊಟ್ಟೆಯನ್ನು ನೆಲಕ್ಕೆ ಒತ್ತಿಹಿಡಿದು, ಕರಡಿ ದೂರ ಹೋಗುವವರೆಗೂ ಅಲುಗಾಡದಿರುವುದು ತಜ್ಞರು ಹೇಳುವ ಕ್ರಮ. ಬೆನ್ನಿನ ಮೇಲೆ ಚೀಲವಿದ್ದರೆ ಹಾಗೇ ಇರಲಿ, ಅದೂ ಒಂದು ಗುರಾಣಿ. ಗಾಯವಾದರೆ ತಡಮಾಡದೆ ಆಸ್ಪತ್ರೆ ಸೇರಿ ರೇಬೀಸ್ ಲಸಿಕೆಯನ್ನೂ ಹಾಕಿಸಿಕೊಳ್ಳಬೇಕು. ಊರಿನೊಳಗೆ ಕರಡಿ ಬಂದರೆ ಗುಂಪುಗೂಡಿ ಅಟ್ಟಿಸಬಾರದು. ಗಾಬರಿಗೊಂಡ ಕರಡಿ ಸಿಕ್ಕಸಿಕ್ಕವರ ಮೇಲೆರಗುತ್ತದೆ. ಅದು ಬಂದ ದಾರಿಯಲ್ಲೇ ಹೋಗಲು ಬಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ಕರಡಿ ಕಾಣದಿದ್ದರೂ ಹಗಲಿನಲ್ಲಿ ಅದರ ಕುರುಹುಗಳನ್ನು ಮಕ್ಕಳಿಗೆ ತೋರಿಸಬಹುದು. ಒಡೆದ ಹುತ್ತ ಮತ್ತು ಅದರ ಪಕ್ಕ ಕೆದರಿದ ಮಣ್ಣು, ಮರದ ಕಾಂಡದ ಮೇಲೆ ಉಗುರಿನ ಗೀರು, ಬೀಜ ತುಂಬಿದ ಹಿಕ್ಕೆ, ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಮೂಡಿ ಮುಂದೆ ಉಗುರಿನ ಗುರುತು ಬಿದ್ದ ಹೆಜ್ಜೆ — ಇವೆಲ್ಲ ಕರಡಿ ಬಂದುಹೋದದ್ದಕ್ಕೆ ಸಾಕ್ಷಿ. ಹಿಕ್ಕೆ ಹಸಿಯಾಗಿದ್ದರೆ, ಅಗೆದ ಮಣ್ಣು ಇನ್ನೂ ತೇವವಾಗಿದ್ದರೆ ಕರಡಿ ಹತ್ತಿರದಲ್ಲೇ ಇರಬಹುದು, ಅಲ್ಲಿಂದಲೇ ಹಿಂತಿರುಗುವುದು ಜಾಣತನ.

ಉಳಿಸಿಕೊಳ್ಳಬೇಕಾದ ನೆರೆ

ಭಾರತದ ಕಾನೂನು ಕರಡಿಗೆ ಹುಲಿ, ಆನೆಗಳಷ್ಟೇ ರಕ್ಷಣೆ ಕೊಟ್ಟಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಅದರ ಹೆಸರಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಇದನ್ನು ಅಪಾಯಕ್ಕೆ ಸಿಲುಕಬಲ್ಲ ಜೀವಿಗಳ ಸಾಲಿನಲ್ಲಿಟ್ಟಿದೆ. ಅಕ್ಟೋಬರ್ 12ನ್ನು 2022ರಿಂದ ವಿಶ್ವ ಸ್ಲಾತ್ ಕರಡಿ ದಿನವಾಗಿ ಆಚರಿಸಲಾಗುತ್ತಿದೆ. ಆದರೂ ಬಯಲುಸೀಮೆಯಲ್ಲಿ ಕರಡಿಯ ಕಷ್ಟಗಳು ನೆಲಮಟ್ಟದವು. ಗವಿಗಳಿರುವ ಗುಡ್ಡವನ್ನೇ ಕಲ್ಲು ಕ್ವಾರಿ ಕರಗಿಸುತ್ತದೆ. ಬೇಸಿಗೆಯ ಬೆಂಕಿ ಹಣ್ಣಿನ ಗಿಡ, ಜೇನು, ಇರುವೆಗೂಡುಗಳನ್ನು ಸುಡುತ್ತದೆ. ಕಾಡುಹಂದಿಗೆಂದು ಇಟ್ಟ ಉರುಳು ಕರಡಿಯ ಸೊಂಟ ಬಿಗಿಯುತ್ತದೆ, ಸಿಡಿಮದ್ದು ಬಾಯಿ ಛಿದ್ರಗೊಳಿಸುತ್ತದೆ. ಕಟ್ಟೆಯಿಲ್ಲದ ಹಾಳುಬಾವಿಗೆ ರಾತ್ರಿ ಬೀಳುತ್ತದೆ. ರಸ್ತೆ ದಾಟುವಾಗ ವಾಹನಕ್ಕೆ ಬಲಿಯಾಗುತ್ತದೆ.

ಇವಕ್ಕೆಲ್ಲ ಪರಿಹಾರ ಊರಿನ ಕೈಯಲ್ಲೂ ಇದೆ. ಹಾಳುಬಾವಿಗೆ ಕಟ್ಟೆ ಕಟ್ಟುವುದು, ಉರುಳು ಕಂಡರೆ ಇಲಾಖೆಗೆ ತಿಳಿಸುವುದು, ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾಯುವುದು, ಗೋಮಾಳದ ಕಕ್ಕೆ, ಅತ್ತಿ, ಆಲ, ಈಚಲು, ನೇರಳೆಗಳನ್ನು ಕಡಿಯದೆ ಉಳಿಸುವುದು ಪಂಚಾಯಿತಿಯೂ ಶಾಲೆಯೂ ಮಾಡಬಹುದಾದ ಕೆಲಸಗಳು. ಕಾಡಿನಲ್ಲಿ ಹಣ್ಣು ಇದ್ದರೆ ಕರಡಿ ತೋಟಕ್ಕೆ ಬರುವುದು ತಗ್ಗುತ್ತದೆ, ತೋಟಕ್ಕೆ ಬರುವುದು ತಗ್ಗಿದರೆ ಮನುಷ್ಯರ ಜೀವವೂ ಉಳಿಯುತ್ತದೆ. ದಾಳಿಗೆ ತುತ್ತಾದ ಕುಟುಂಬಕ್ಕೆ ಸರ್ಕಾರದ ಪರಿಹಾರ ತಡವಿಲ್ಲದೆ ಸೇರುವುದೂ ಇಷ್ಟೇ ಮುಖ್ಯ. ಕರಡಿಯ ಮೇಲೆ ದ್ವೇಷ ಬೆಳೆಯದಿರಲು ಅದು ಬೇಕು. ರಜೆಯಲ್ಲಿ ಗೋಪುರದ ಮೇಲಿಂದ ತಾಯಿಯ ಬೆನ್ನೇರಿದ ಮರಿಯನ್ನು ಕಂಡು ಸಂತೋಷಪಟ್ಟ ಮಗುವಿಗೆ, ಅದೇ ಪ್ರಾಣಿ ತನ್ನ ಊರಿನ ಬೆಟ್ಟದಲ್ಲೂ ಇದೆ, ಅದಕ್ಕೂ ನೆಮ್ಮದಿಯ ಜಾಗ ಬೇಕು ಎಂಬುದು ತಿಳಿಯಬೇಕು. ಬೇಸಿಗೆಯ ಪ್ರವಾಸದಿಂದ ತುಮಕೂರಿನ ಕರಡಿಗಳಿಗೆ ಸಿಗಬಹುದಾದ ದೊಡ್ಡ ಪ್ರಯೋಜನ ಈ ತಿಳಿವಳಿಕೆಯೇ.